ಇಪ್ಪತ್ತೇಳನೇ ಮೊಳೆ

ಒಬ್ಬೊಬ್ಬರಾಗಿ ಬನ್ನಿ, ಹಲಗೆ ಮುರಿದೀತು.
ಇಪ್ಪತ್ತು ಶಿಲ್ಲಿಂಗಿಗೆ ಒಂದು ಹೊಟ್ಟೆ ಕರೆಂಟು.
ತಗಡಿನ ಮೇಲೆ ಎರಡು ಸೋಲಾರ್ ಫಲಕ,
ಕೆಳಗೆ ಹಳೇ ಲಾರಿಯ ಬ್ಯಾಟರಿ,
ಅದರಿಂದ ಹೊರಟ ಮೂವತ್ತೊಂದು ಬಾಲ.
ಮೋಡ ಮುಚ್ಚಿದ ದಿನ ಈ ಅಡೋಯೊಳನ್ನು ಬೈಯಬೇಡಿ,
ಸೂರ್ಯ ನನ್ನ ಗಂಡನಲ್ಲ.

ಹದಿನಾಲ್ಕು ಯಾರದ್ದು? ಒಗೊಲ್ಲಾ, ನಿನ್ನದೇ?
ಮತ್ತೆ ದೋಣಿಯ ಅಂಚಿನಲ್ಲಿ ಬಿಸಿಲಿಗೆ ಮಲಗಿಸಿದ್ದೀಯ.
ಮುಟ್ಟಿ ನೋಡು, ಜ್ವರ ಬಂದ ಕೂಸಿನ ಹಣೆ.
ಒಮೆನಾ ಮೀನು ಒಣಗಿಸುವ ಬಲೆಯ ಮೇಲೆ
ಫೋನು ಒಣಗಿಸಬಾರದಪ್ಪ,
ಸೆಕೆಗೇ ಇದಕ್ಕೆ ಮುಪ್ಪು ಬರೋದು.
ತಣ್ಣೀರು ಪಟ್ಟಿ ಬೇಡ. ನೆರಳು ಸಾಕು.

ಪರದೆಯ ಬೆಳಕನ್ನೂ ತಗ್ಗಿಸು,
ಹೆಂಡತಿಯ ಫೋಟೋ ಹೆಂಡತಿ ಅಂತ ಗೊತ್ತಾಗುವಷ್ಟು ಇರಲಿ.
ನಡುನೀರಿನಲ್ಲಿ ಟವರು ಹುಡುಕಿ ಹುಡುಕಿ
ಪಾಪ, ಸುಸ್ತಾಗಿ ಸಾಯುತ್ತದೆ,
ಖಾಲಿ ಮನೆಯ ಬಾಗಿಲು ರಾತ್ರಿಯಿಡೀ ತಟ್ಟಿದ ಹಾಗೆ.
ಅಲ್ಲಿ ವಿಮಾನದ ಚಿತ್ರ ಒತ್ತಿಬಿಡು.
ವಿಮಾನ ನೀನು ಹತ್ತಿಲ್ಲ, ನಾನೂ ಹತ್ತಿಲ್ಲ,
ಚಿತ್ರ ಒತ್ತೋಕೆ ಟಿಕೆಟ್ಟು ಬೇಡ.

ನೂರು ಮುಟ್ಟಲೇಬೇಕು ಅಂತ ಹಟ ಯಾಕಜ್ಜಿ?
ಎಂಬತ್ತಕ್ಕೆ ಎಲೆ ಮಡಿಸು.
ಕಂಠಮಟ್ಟ ತಿಂದವನೂ ಖಾಲಿ ಹೊಟ್ಟೆಯವನೂ
ಒಂದೇ ಚಾಪೆಯಲ್ಲಿ ಹೊರಳಾಡುತ್ತಾರೆ.
ಹತ್ತಕ್ಕಿಳಿಯುವ ಮೊದಲೇ ತಾ,
ಸೊನ್ನೆಯಾದ ಮೇಲೆ ಬಂದು ಅಳಬೇಡ.

ಏಯ್ ಹುಡುಗಾ,
ಇಪ್ಪತ್ತೇಳಕ್ಕೆ ಕೈ ಹಾಕಬೇಡ.

ಹೊಸಬ ನೀನು. ಗೊತ್ತಿಲ್ಲ.
ಅದು ಒಜ್ವಾಂಗನದು.
ಚಂದ್ರನಿಲ್ಲದ ರಾತ್ರಿ, ಒಮೆನಾ ಸುಗ್ಗಿ,
ದೀಪ ತೇಲಿಸೋಕೆ ಹೊರಟಿದ್ದ.
ಒದ್ದೆಯಾಗತ್ತೆ, ನಿನ್ನಲ್ಲೇ ಇರಲಿ, ಅಂದ.
ಚಿಲ್ಲರೆ ಇಲ್ಲ, ಬೆಳಿಗ್ಗೆ ಕೊಡ್ತೀನಿ, ಅಂದ.
ಮೂರನೇ ದಿನ ದೋಣಿ ಸಿಕ್ಕಿತು, ಜೊಂಡಿನಲ್ಲಿ,
ಒಂದು ದೀಪ ಇನ್ನೂ ಉರಿಯುತ್ತಿತ್ತಂತೆ.

ನಾಮ್ ಲೋಲ್ವೆ ದೊಡ್ಡ ನೀರು.
ತೆಗೆದುಕೊಂಡದ್ದಕ್ಕೆ ರಸೀತಿ ಕೊಡುವುದಿಲ್ಲ.
ಮೈ ಸಿಗದವರಿಗೆ ನಮ್ಮಲ್ಲಿ ಯಾಗೊ ಕಾಯಿ ಹೂಳುತ್ತೇವೆ,
ತೋಳುದ್ದದ ಕಾಯಿ,
ಎತ್ತಿದರೆ ಕೂಸಿನಷ್ಟು ಭಾರ.
ಹೂತದ್ದಾಯಿತು. ಅತ್ತದ್ದಾಯಿತು.
ಫೋನು ನನ್ನಲ್ಲಿದೆ ಅಂದೆ ಅವನಕ್ಕನಿಗೆ.
ಅವಳು ಮಣ್ಣಿನ ಕೈ ಒರೆಸಿಕೊಂಡು ಹೇಳಿದಳು:
ನಮ್ಮ ಗುಡ್ಡದಲ್ಲಿ ಕರೆಂಟಿಲ್ಲ ಅಡೋಯೊ,
ಅಲ್ಲಿಗೆ ಬಂದರೆ ಅದೂ ಸತ್ತುಹೋಗತ್ತೆ.

ಫಲಕ ಕೂರಿಸಿದ ಸೋಲಾರ್ ಕಂಪನಿಯವನನ್ನು ಕೇಳಿದೆ,
ಬಳಸದ ಫೋನನ್ನು ಹೇಗೆ ಇಡಬೇಕು?
ಅರ್ಧಕ್ಕೆ, ಅಂದ.
ತುಂಬಿಸಿ ಇಟ್ಟರೆ ಊದಿಕೊಳ್ಳುತ್ತದೆ,
ಬರಿದು ಮಾಡಿ ಇಟ್ಟರೆ ಮತ್ತೆ ಏಳುವುದಿಲ್ಲ.

ಅಮಾವಾಸ್ಯೆಗೊಮ್ಮೆ ಮೊಳೆಯಿಂದ ಇಳಿಸುತ್ತೇನೆ.
ಐವತ್ತಕ್ಕೆ ಏರಿಸಿ, ಆರಿಸಿ, ತೂಗುಹಾಕುತ್ತೇನೆ.
ಹೊತ್ತಿಸಿದಾಗ ಒಂದಷ್ಟು ಹೊತ್ತು
ಸಂದೇಶಗಳು ಕೋಳಿಮರಿಗಳ ಹಾಗೆ ಚಿಲಿಪಿಲಿ.
ಎಲ್ಲ ಕಂಪನಿಯವು, ಸಾಲ ಬೇಕಾ, ಬಹುಮಾನ ಬಂದಿದೆ.
ಓದಬಾರದು ಅಂತಲೇ ಓದುತ್ತೇನೆ.
ಕಳೆದ ಸಲ ಒಂದು, ಕಿಸುಮುವಿನ ದರ್ಜಿಯದು:
ಪ್ಯಾಂಟು ಸಿದ್ಧ. ಹೇಳಿದಂತೆ ಎರಡಿಂಚು ಕಮ್ಮಿ ಮಾಡಿದೆ.
ಬಾಕಿ ತಂದು ಒಯ್ಯಿ.

ಅಷ್ಟು ಕುಳ್ಳನಿದ್ದನೇ ಅವನು?
ಈ ಗಲ್ಲೆಯ ಹಿಂದೆ ಕೂತು
ಎಲ್ಲರನ್ನೂ ಎದೆಯ ತನಕ ಮಾತ್ರ ನೋಡಿದ್ದೇನೆ.

ಮಂಗಳವಾರ ಹೊಸ ಬ್ಯಾಟರಿಗೆ ಕಿಸುಮುಗೆ ಹೋಗಬೇಕು.
ದರ್ಜಿ ಚೀಟಿ ಕೇಳುತ್ತಾನೋ ಏನೋ,
ಫೋನನ್ನೇ ತೋರಿಸುತ್ತೇನೆ.
ನನ್ನ ಪುಸ್ತಕದಲ್ಲಿ ಅವನ ಇಪ್ಪತ್ತು ಹಾಗೇ ಇದೆ,
ಅದಕ್ಕೆ ಪ್ಯಾಂಟನ್ನೂ ಸೇರಿಸುವುದು.

ಹ್ಞಾಂ, ಒಗೊಲ್ಲಾ, ನಿನ್ನದು ಎಪ್ಪತ್ತೆಂಟು. ಕಿತ್ತುಕೋ.
ಕತ್ತಲಾಗುತ್ತಿದೆ, ಗಾಳಿ ತಿರುಗಿದೆ.
ಚಿಲ್ಲರೆ ಈಗಲೇ ಕೊಟ್ಟು ಹೋಗು.