ಬೀರುವಿನ ಬೆನ್ನು

ಹೊರುವುದು ನನ್ನ ಕಸುಬು. ಹೆಸರು ಗೋಚಾ.
ಕುತೈಸಿಯ ಮೆಟ್ಟಿಲುಗಳೆಲ್ಲ
ನನ್ನ ಮಂಡಿಗೆ ಬಾಯಿಪಾಠ.
ಪಿಯಾನೊ ಹೊತ್ತಿದ್ದೇನೆ, ಸ್ನಾನದ ತೊಟ್ಟಿ ಹೊತ್ತಿದ್ದೇನೆ,
ಒಮ್ಮೆ, ನಿದ್ದೆ ಕೆಡಿಸಬೇಡಿ ಅಂದರೆಂದು,
ಸೋಫಾದ ಜೊತೆಗೆ ಅದರ ಮೇಲಿದ್ದ ಮುದುಕನನ್ನೂ.

ಆದರೆ ರಿಯೋನಿ ಹೊಳೆಯಂಚಿನ ಆ ನಾಲ್ಕನೇ ಮಹಡಿಗೆ
ಕರೆದದ್ದು ಹೊರುವುದಕ್ಕಲ್ಲ.
"ಸರಿಸಬೇಕು, ಅಷ್ಟೆ," ಅಂದಳು ಹುಡುಗಿ ಫೋನಿನಲ್ಲಿ.
"ಒಂದು ಬೀರು. ಎರಡು ಮಾರು ದೂರ.
ಇಬ್ಬರು ಬನ್ನಿ. ಏನೂ ಕೇಳಬೇಡಿ."

ಬಾಗಿಲು ತೆರೆದರೆ, ನಡುಮನೆಯ ನಟ್ಟನಡುವೆ
ಗೋಡೆಯ ಹಂಗಿಲ್ಲದೆ ನಿಂತಿದೆ:
ಸೋವಿಯತ್ ಕಾಲದ್ದು, ಮುಖ ಕಾಣುವ ಮೆರುಗು,
ಗಾಜಿನ ಹಿಂದೆ ಹರಳಿನ ಲೋಟ, ಒಂದು ಪಿಂಗಾಣಿ ಜಿಂಕೆ.
ಅದು ಅಕ್ಕ ತ್ಸಿಯಾಲಾಳ ಕಡೆ.
ತಂಗಿ ಮಕ್ವಾಲಾಗೆ ದಕ್ಕಿದ್ದು ಬೀರುವಿನ ಬೆನ್ನು:
ಬಣ್ಣ ಕಾಣದ ಪ್ಲೈವುಡ್ಡು, ತುಕ್ಕು ಹಿಡಿದ ಮೊಳೆ,
ಕಾರ್ಖಾನೆಯಲ್ಲಿ ಯಾರೋ ನೀಲಿ ಪೆನ್ಸಿಲಿನಲ್ಲಿ ಗೀಚಿದ ನಂಬರು.
ಹನ್ನೊಂದು ವರ್ಷ ಆ ನಂಬರನ್ನೇ ನೋಡುತ್ತ
ಚಹಾ ಕುಡಿದಳಂತೆ.

ಕಿಟಕಿ ಅಕ್ಕನಿಗೆ, ಒಲೆ ತಂಗಿಗೆ.
ಬೆಳಕಿದ್ದವಳಿಗೆ ಚಳಿ, ಬೆಚ್ಚಗಿದ್ದವಳಿಗೆ ಕತ್ತಲೆ.
ಎರಡು ಸೋಫಾ, ಎರಡು ದೀಪ, ಎರಡು ಟೀವಿ;
ಇಬ್ಬರೂ ಒಂದೇ ಧಾರಾವಾಹಿ ಹಾಕಿದಾಗ
ಒಂದೇ ಅಳು ಎರಡು ಕಡೆಯಿಂದ ಬರುತ್ತಿತ್ತು
ಅಂದಳು ಎಲಿಸೊ, ಅವರ ತಮ್ಮನ ಮಗಳು.
ಮದುವೆ ಅವಳದೇ. ಶನಿವಾರ.
ಇಪ್ಪತ್ತಾರು ಜನಕ್ಕೆ ಒಂದೇ ಮೇಜು ಹಾಕಬೇಕು,
ಕಿಟಕಿಯಿಂದ ಒಲೆಯವರೆಗೆ.

"ಉದ್ದದ ಗೋಡೆಗೆ," ಅಕ್ಕ.
"ಬಾಗಿಲ ಪಕ್ಕಕ್ಕೆ," ತಂಗಿ.
ಹೇಳುವುದು ನನಗೆ, ಕೇಳಿಸಬೇಕಾದ್ದು ಆಚೆಗೆ.
"ಹೇಳಪ್ಪ ಅವಳಿಗೆ, ಅಲ್ಲಿ ಬಿಸಿಲು ಬಿದ್ದು ಮೆರುಗು ಹೋಗುತ್ತೆ."
"ಹೇಳಪ್ಪ ಅವಳಿಗೆ, ಹೋಗಲಿ. ಯಾರು ಕಂಡಿದ್ದಾರೆ ಮೆರುಗು."
ನಾನು ಹಗ್ಗ ಹಿಡಿದು ನಿಂತೆ. ಝಾಝಾ
ಸೂರಿನ ಬಿರುಕು ಎಣಿಸಿದ.

ಲೋಟಗಳನ್ನು ಹಳೆ ಪತ್ರಿಕೆಯಲ್ಲಿ ಸುತ್ತಿದೆವು.
ಜಿಂಕೆಗೆ ಒಂದು ಕಿವಿ ಇರಲಿಲ್ಲ.
ಕಾಲಡಿಗೆ ಕಂಬಳಿಯ ಚೂರು ತುರುಕಿ ನೂಕಿದರೆ
ಬೀರು ಮಲಗಿದ ಎಮ್ಮೆ ಎದ್ದ ಹಾಗೆ ನರಳಿತು:
ಒಂದು ಗೇಣು. ಇನ್ನೊಂದು ಗೇಣು.
"ತಡಿ!" ಅಂದರು ಇಬ್ಬರೂ, ಒಂದೇ ಉಸಿರಿಗೆ.

ನೆಲದ ಮರ ಅಲ್ಲಿ ಮಾತ್ರ ಇನ್ನೂ ಜೇನಿನ ಬಣ್ಣ.
ಧೂಳಿನಲ್ಲಿ ಒಂದು ಗುಂಡಿ, ಒಂದು ಅಕ್ರೋಟು,
ಆ ಕಡೆಯಿಂದ ಉರುಳಿದ ಹಸಿರು ಉಣ್ಣೆಯುಂಡೆ,
ಈ ಕಡೆಯಿಂದ ಜಾರಿದ ಕನ್ನಡಕ,
ಪಕ್ಕಪಕ್ಕ.
ಒಂದು ಪೊರಕೆಕಡ್ಡಿ ಸಾಕಿತ್ತು ಎಳೆದುಕೊಳ್ಳಲು;
ಹೋದದ್ದು ಹೋಗಲಿ ಅಂದುಕೊಂಡಿದ್ದರು, ಹನ್ನೊಂದು ವರ್ಷ.
ಝಾಝಾ ಟಾರ್ಚು ಬಿಟ್ಟು ಜಿಂಕೆಯ ಕಿವಿ ಹುಡುಕಿದ.
ಸಿಗಲಿಲ್ಲ.

ಉದ್ದದ ಗೋಡೆಗೇ ಒರಗಿಸಿದೆವು ಕೊನೆಗೆ.
ಮಕ್ವಾಲಾ ಬಂದು ಮುಂದೆ ನಿಂತಳು,
ಗಾಜಿನಲ್ಲಿ ತನ್ನ ಮುಖ ಕಂಡು ಕೂದಲು ಸರಿಮಾಡಿಕೊಂಡಳು,
ಲೋಟ ಎಣಿಸಿದಳು, ಮತ್ತೆ ಎಣಿಸಿದಳು.
"ಎಂಟಿದ್ದವಲ್ಲ?"
ಈ ಸಲ ನನ್ನನ್ನು ಕೇಳಿದ್ದಲ್ಲ.
"ಎರಡು ಒಡೆದವು," ತ್ಸಿಯಾಲಾ.
"ಯಾವಾಗ?"
"ನಿನಗೆ ಕೇಳಿಸಲಿ ಅಂತಲೇ ಒಡೆದೆ.
ಟೀವಿ ಜೋರು ಮಾಡಿದೆ ನೀನು."

ಎಲಿಸೊ ಅಡಿಗೆಮನೆಗೆ ಹೋದಳು.
ನಾವು ದುಡ್ಡು ಎಣಿಸಿಕೊಂಡು ಮೆಟ್ಟಿಲಿಳಿದೆವು.

ಮದುವೆ ಮುಗಿದ ಸೋಮವಾರ ಮತ್ತೆ ಫೋನು.
"ಮೇಜು ತೆಗೆದಾಯ್ತು. ಈಗ ಸೋಫಾಗಳನ್ನ ಸರಿಸಬೇಕು."
"ಎಲ್ಲಿಗೆ?"
"ಅದೇ ನಡೀತಿದೆ," ಅಂದಳು.
ಅವಳ ಹಿಂದೆ ಇಬ್ಬರ ಗಂಟಲು ಕೇಳುತ್ತಿತ್ತು:
ಕಿಟಕಿಗೆ ಮುಖವೋ, ಒಲೆಗೆ ಮುಖವೋ,
ನಿನಗೆ ಯಾವತ್ತು ಬುದ್ಧಿ ಇತ್ತು, ನಿನಗೆ ಯಾವತ್ತು ಕಣ್ಣು ಇತ್ತು,
ನಡುವೆ ಹಲಗೆಯಿಲ್ಲದ, ನೇರ, ಜೋರು ಜಗಳ.

ನನ್ನ ವ್ಯಾನು ಬಾಗಿಲಲ್ಲೇ ನಿಂತಿತ್ತು, ಖಾಲಿ.
ಗುರುವಾರದವರೆಗೆ ಪುರುಸೊತ್ತಿಲ್ಲ ಅಂದೆ.