ಕೆಂಪು ಕೊಡಲಿ

ಸವಳಂಗ ರಸ್ತೆಯ ರೈಲ್ವೆ ಗೇಟಿನಾಚೆ
ಪಂಕ್ಚರ್ ಅಂಗಡಿಗೆ ಬೆನ್ನು ಕೊಟ್ಟು ನಿಂತಿದೆ ವೀರಭದ್ರಾಚಾರಿಯ ಕುಲುಮೆ.
ಶಾಲೆಯ ಬಿಸಿಯೂಟದ ಮೆಟ್ಟುಗತ್ತಿ ಹಿಡಿದು ಹೋಗಿದ್ದೆ,
ನೂರಾ ಎಂಬತ್ತು ಮಕ್ಕಳ ಕುಂಬಳಕಾಯಿಗೆ ಸೋತು ಮೊಂಡಾದದ್ದು.
"ಕೂತಿರು, ಅರ್ಧ ಗಂಟೆ" ಅಂದ.
ಮೂಲೆಯಲ್ಲಿ ಅವನ ತಾಯಿ ಕಾಳಮ್ಮಜ್ಜಿ, ಎರಡೂ ಕಣ್ಣಿಗೆ ಪೊರೆ.
"ಯಾರೇ ಅದು? ಹೂಂಗುಡ್ತೀಯೇನೆ? ಹೂಂಗುಟ್ರೆ ಕಥೆ ಹೇಳ್ತೀನಿ."

ತಿದಿ ಇದ್ದಾಗ ಅದೇ ಹೂಂಗುಡುತ್ತಿತ್ತಂತೆ.
ಈಗ ಬ್ಲೋವರ್. ಗುಂಡಿ ಒತ್ತಿದರೆ ಒಂದೇ ಸಮ ಕಿರುಚುತ್ತದೆ,
ನಡುವೆ ಉಸಿರು ತಗೊಳ್ಳುವುದೇ ಇಲ್ಲ.
"ಅದರ ಹತ್ರ ಎಂಥಾ ಕಥೆ ಹೇಳೋದು?"

ಒಂದೂರಲ್ಲಿ ಒಬ್ಬ ಕಮ್ಮಾರ.
ಹೂಂ.
ಆಗಿನ್ನೂ ಊರೇ ಇರಲಿಲ್ಲ ಅಂತಿಟ್ಕೊ.
ಹೂಂ.
ಬೆಂಕಿಯಿತ್ತು, ಕಲ್ಲಿತ್ತು, ಕಲ್ಲು ಕರಗುತ್ತಿರಲಿಲ್ಲ.
ರಾತ್ರಿ ಒಂದು ಭೂತ ಬಂತು, ಬೆನ್ನಿಲ್ಲ, ಹೊಟ್ಟೆಯಿಲ್ಲ, ಬರೀ ಬಾಯಿ.
"ಕಲ್ಲು ನೀರಾಗೋ ಗುಟ್ಟು ಹೇಳ್ತೀನಿ, ನಿನ್ನ ಉಸಿರು ಕೊಡ್ತೀಯಾ?"
ಕೊಡ್ತೀನಿ ಅಂದ.
ಹೂಂ.
ಗುಟ್ಟು ಕಲಿತ. ಕೊಡಲಿ ಎರಕ ಹೊಯ್ದ, ಕೆಂಪು ಕೊಡಲಿ.
ಅದರಲ್ಲೊಂದು ಹೋತ ಕಡಿದು, ತೊಗಲು ಸುಲಿದು, ಹೊಲಿದು,
ಬುಸ್ಸಂತ ಊದಿ, ಬಾಯಿ ತೆರೆದು ಹಿಡಿದ:
"ತಗೋ ನನ್ನ ಉಸಿರು, ಒಳಗಿದೆ."
ಭೂತ ಆಸೆಗೆ ಹೊಕ್ಕಿತು. ಇವನು ಬಾಯಿ ಕಟ್ಟಿದ.
ಅದೇ ತಿದಿ. ಒತ್ತಿದರೆ ಇವತ್ತಿಗೂ

"ಕೆಂಪು ಯಾಕೆ?"
ಆಚಾರಿಯ ಮೊಮ್ಮಗಳು ಇಂಚರ, ಎರಡನೇ ಕ್ಲಾಸು,
ನನ್ನ ಸಾಂಬಾರಿನ ಕ್ಯಾರೆಟ್ ಹೆಕ್ಕಿ ತಟ್ಟೆಯಂಚಿಗಿಡುವವಳು.
"ಕೊಡಲಿ ಕಪ್ಪಗಿರತ್ತಲ್ಲ?"
"ನಮ್ಮವ್ವ ಕೆಂಪು ಅಂದ್ಲು. ಅವಳವ್ವನೂ ಕೆಂಪು ಅಂದಿದ್ಲಂತೆ.
ಕಪ್ಪು ಮಾಡೋಕೆ ನಾನ್ಯಾರು?"
"ರಕ್ತಾನಾ?"
"ಕಡಿಯೋ ಮೊದಲೇ ಕೆಂಪು."
"ಕಾದಿತ್ತಾ?"
"ತಣ್ಣಗಾದ್ಮೇಲೂ."

ಸುತ್ತಿಗೆ ನಿಂತಿತು.
ಅರವತ್ತು ವರ್ಷ ಈ ಕಥೆ ಕೇಳಿದ ಆಚಾರಿ
ಗೋಣಿಚೀಲ ಸರಿಸಿ, ಯಾರೋ ರಿಪೇರಿಗೆ ಬಿಟ್ಟುಹೋದ ಹಂಡೆಯ ಚೂರು ತೆಗೆದು
ಮಸಿಯನ್ನು ಮೊಣಕಾಲಿಗೆ ತಿಕ್ಕಿ, ಮಗುವಿನ ಕೈಲಿಟ್ಟ.
ತಾಮ್ರ.
ಅಜ್ಜಿ ಉಗುರಲ್ಲಿ ಒತ್ತಿ ನೋಡಿದಳು. "ಮೆತ್ತಗಿದೆ. ಇದರಲ್ಲಿ ಎಂಥಾ ಕಡೀತಾರೆ?"
"ಕಬ್ಬಿಣ ಗೊತ್ತಿಲ್ಲದಾಗ ಕಡೀತಿದ್ರೇನೋ" ಅಂದ,
ನೆಲಕ್ಕೆ ಹೇಳಿದ ಹಾಗೆ.

ನಾನು ಎಣಿಸಲು ಹೊರಟೆ.
ನನ್ನವ್ವ, ಅವಳವ್ವ, ಮಂಡಗದ್ದೆಯಿಂದ ಬಂದ ಮುತ್ತಜ್ಜಿ ಸುಬ್ಬಿ,
ಅಲ್ಲಿಗೆ ಹೆಸರು ಮುಗಿಯಿತು.
ಅದರಾಚೆ ಬೆಂಕಿಯ ಎದುರು ಕೂತ ಮೊಣಕಾಲುಗಳು ಮಾತ್ರ.
ಯಾರಿಗೂ ಅರ್ಥವಾಗದ ಒಂದು ಕೆಂಪು,
ತೆಂಗಿನ ಚಿಪ್ಪಿನಲ್ಲಿ ಪಕ್ಕದ ಮನೆಗೆ ಕೆಂಡ ಒಯ್ದ ಹಾಗೆ
ಬೂದಿ ಮುಚ್ಚಿ, ಆರದ ಹಾಗೆ, ನಡೆದು ನಡೆದು.
ಅರ್ಥವಾಗಿದ್ದರೆ
ಯಾವಳೋ ಒಬ್ಬಳು ತಿದ್ದಿಬಿಡುತ್ತಿದ್ದಳು.

ತಾಳಗುಪ್ಪದ ರೈಲು ಹೋಯಿತು. ಹಿಂದೆಯೇ ಕರೆಂಟೂ ಹೋಯಿತು.
ಬ್ಲೋವರ್ ಸತ್ತು
ಕುಲುಮೆಯಲ್ಲಿ ನಾಲ್ಕೇ ಕೆಂಡ, ನನ್ನ ಕತ್ತಿ ಅರ್ಧ ಕಾದು.
"ಎಲ್ಲಿಗೆ ಬಂತು ಕಥೆ?"
ನಾವ್ಯಾರೂ ಮಾತಾಡಲಿಲ್ಲ.
ಆಚಾರಿ ಮಂಡಿಯೂರಿ, ಕೆನ್ನೆ ಉಬ್ಬಿಸಿ,
ಕೆಂಡಕ್ಕೆ ಬಾಯಿಂದಲೇ ಊದಿದ.
ಆ ಸದ್ದಿನ ಕಡೆಗೆ ಅಜ್ಜಿ ಮುಖ ತಿರುಗಿಸಿದಳು.
"ಹಾಂ," ಅಂದಳು, "ಆಮೇಲೆ..."