ಕಂಬದ ಬೆಂಕಿ

ಸೊಹಾರಿನಲ್ಲಿ ಕತ್ತಲೆಂದರೇನೆಂದು ನಮಗೆ ಗೊತ್ತಿರಲಿಲ್ಲ.
ಹತ್ತೊಂಬತ್ತು ವರ್ಷ
ಕಂಬದ ತುದಿಯ ಬೆಂಕಿಯ ಬೆಳಕಲ್ಲೇ
ಉಂಡೆವು, ಅಂಗಿಗೆ ಗುಂಡಿ ಹೊಲಿದೆವು,
ಇಸ್ಪೀಟಿನಲ್ಲಿ ಮೋಸ ಮಾಡಿದೆವು.
ಕ್ಯಾಂಪಿನ ದಾರಿ ತಪ್ಪಿದವನಿಗೆ ಫೋನಿನಲ್ಲಿ
‘ಬೆಂಕಿಯನ್ನು ಬಲಕ್ಕಿಟ್ಟುಕೊಂಡು ಬಾ’ ಎಂದರೆ ಸಾಕಿತ್ತು.

ಈಗ ಕಂಪನಿ ಎಲೆಯಾಗಿದೆ.
ಗೇಟಿನ ಮೇಲಿದ್ದ ಕೆಂಪು ಹನಿಯನ್ನು
ಕ್ರೇನಿನಲ್ಲಿ ಇಳಿಸಿ, ಎಲೆ ಏರಿಸಿದರು.
ಹೊಸ ಕಾರ್ಡು, ಹೊಸ ಟೋಪಿ,
ಊಟದ ತಟ್ಟೆಯಡಿಗೆ ಕಾಗದದ ಹಾಸು, ಅದರಲ್ಲೂ ಎಲೆ.
‘ಬಾಳೆಲೆಯನ್ನೇ ಹಾಕಿದ್ದರೆ ಮುಗೀತಿತ್ತಲ್ಲ ಮಾರಾಯ’
ಅಂದ ಇದ್ದಿನಬ್ಬ. ನಗಲಿಲ್ಲ. ಅವನು ಹಾಗೆಯೇ.

ತರಬೇತಿಯ ಕೋಣೆಯಲ್ಲಿ ಏಸಿ ಹದಿನೆಂಟಕ್ಕಿಟ್ಟು
ಮಸ್ಕತ್ತಿನಿಂದ ಬಂದ ಹುಡುಗಿ ಕೇಳಿದಳು:
ಭೂಮಿಗಾಗಿ ನೀವೇನು ಬಿಡಬಲ್ಲಿರಿ?
ಒಬ್ಬೊಬ್ಬರಿಗೂ ಒಂದು ಚೀಟಿ.
ಗುಲ್ ಜಮೀನ್ ಬರೆದ: ಪ್ಲಾಸ್ಟಿಕ್ ಬಾಟಲಿ.
ನೆಸ್ಟರ್ ಬರೆದ: ಕಾರು. ಅವನಿಗೆ ಸೈಕಲ್ಲೂ ಇಲ್ಲ.
ನಾನು ಖಾಲಿ ಚೀಟಿ ಮಡಚಿ ಹಾಕಿದೆ.
ಬಿಡುವುದೇ ನನ್ನ ಕೆಲಸ, ತಾಯೀ,
ಒತ್ತಡ ಏರಿದರೆ ವಾಲ್ವು ಬಿಡುತ್ತೇನೆ,
ಗ್ಯಾಸು ಮೇಲೆ ಹೋಗುತ್ತದೆ, ಕಂಬ ಉರಿಯುತ್ತದೆ.

ಫೋಟೋದವರು ಬರುವ ದಿನ
ಮೇಲಿನಿಂದ ಮಾತು ಬಂತು: ನಾಲ್ಕರಿಂದ ಆರರವರೆಗೆ
ಬೆಂಕಿ ಸಣ್ಣಗಿರಲಿ.
ಸಣ್ಣಗಿಟ್ಟೆ. ಪೈಪಿನೊಳಗೆ ಅದು
ಬೈಗುಳ ತಡೆದ ಬಾಯಿಯಂತೆ ತುಂಬಿಕೊಂಡಿತು.
ಹೊಸದಾಗಿ ನೆಟ್ಟ ಗಾಫ್ ಗಿಡದ ಮುಂದೆ
ಎರಡು ಬಿಳಿ ನಿಲುವಂಗಿ, ಒಂದು ಕಪ್ಪು ಸೂಟು,
ಮೂವರಿಗೂ ಸೇರಿ ಒಂದೇ ನೀರಿನ ಕ್ಯಾನು.
ಆರೂಕಾಲಿಗೆ ಕಾರುಗಳು ಹೋದವು.
ಆರೂವರೆಗೆ ಕಂಬ ಬಾಯಿ ಬಿಟ್ಟಿತು:
ಎರಡು ಗಂಟೆಯ ಬೈಗುಳ, ಒಂದೇ ಉಸಿರಿಗೆ.
ಲಾಗ್ ಪುಸ್ತಕದಲ್ಲಿ ಬರೆದೆ: ‘ಸಾಮಾನ್ಯ’.

ಇಷ್ಟೇ ಆಗಿದ್ದರೆ ಈ ಪದ್ಯ ಬೈದು ಮುಗಿಯುತ್ತಿತ್ತು.

ಮಾರ್ಚಿನಲ್ಲಿ ಲೆಕ್ಕದ ಇಲಾಖೆಯಿಂದ
ದಪ್ಪ ಕನ್ನಡಕದ ಶುಕ್ರಿ ಬಂದ, ಈಜಿಪ್ಟಿನವ.
ಕಾರ್ಡಿನಲ್ಲಿ ಇನ್ನೂ ಹಳೆಯ ಹನಿ.
ಮೂರು ರಾತ್ರಿ ನನ್ನ ಪಕ್ಕ ಕೂತು
ಮೀಟರು ಓದಿದ, ಬೆರಳು ಮಡಚಿದ,
ಕೊನೆಗೆ ಕಂಬ ನೋಡಿ, ಎದೆಗೆ ಕೈಯಿಟ್ಟು
‘ಇದು ಬೆಂಕಿಯಲ್ಲವಯ್ಯಾ, ರಿಯಾಲು’ ಅಂದ.
ಭೂಮಿಯ ಹೆಸರೆತ್ತಲಿಲ್ಲ.
ನಲ್ಲಿ ಸೋರುವುದ ಕಂಡ ಅಮ್ಮಂದಿರ ಮುಖ
ಹೇಗಾಗುತ್ತದೋ, ಹಾಗಾಗಿತ್ತು ಅವನದು.

ಎಲೆ ಮಾಡದ್ದನ್ನು ಆ ಮುಖ ಮಾಡಿತು.
ಕೊರಿಯಾದಿಂದ ಹಡಗಿನಲ್ಲಿ ಕಂಪ್ರೆಸರ್ ಬಂತು,
ಮನೆಯಷ್ಟು ದೊಡ್ಡದು, ಬೂದು ಬಣ್ಣ,
ಎಲ್ಲೂ ಎಲೆಯ ಚಿತ್ರವಿಲ್ಲ.
ನಾನು ಬಿಟ್ಟದ್ದನ್ನು ಹಿಡಿದು, ಹಿಂಡಿ
ಒಲೆಗೇ ವಾಪಸು ಕೊಡುತ್ತದೆ.
ಕಂಬದ ತುದಿಯಲ್ಲೀಗ
ಯಾರೋ ಬೀಡಿ ಸೇದುತ್ತ ಕೂತಂತೆ ಒಂದು ಕಿಡಿ.

ವರದಿಯ ಅರವತ್ತನೆಯ ಪುಟದಲ್ಲಿ ಕಂಪ್ರೆಸರಿನ ಫೋಟೋ ಇದೆ,
ಶುಕ್ರಿಯದಿಲ್ಲ. ಮುಖಪುಟದಲ್ಲಿ ಆ ಮೂವರು, ಆ ಗಿಡ.
ಗಿಡವೇನೋ ಬದುಕಿದೆ.
ತರಬೇತಿ ಕೋಣೆಯ ಏಸಿ ನೀರು ಬುಡಕ್ಕೆ ತೊಟ್ಟಿಕ್ಕುತ್ತದೆ,
ಅದು ಯಾರ ಯೋಜನೆಯೂ ಅಲ್ಲ.

ಇಷ್ಟು ಸಣ್ಣ ಬೆಂಕಿ ಕಾಯಲು
ಮೂರು ಪಾಳಿಗೆ ಮೂವರು ಬೇಡವಂತೆ.
ಇದ್ದಿನಬ್ಬನಿಗೆ ಪತ್ರ ಬಂತು, ತಲೆಯ ಮೇಲೆ ಎಲೆ.
‘ಸರಿಯೇ ಅಲ್ಲವಾ, ಹೊಗೆ ಕಮ್ಮಿಯಾಯ್ತು’ ಅಂದ,
ಮಡಚಿ ಜೇಬಿಗಿಟ್ಟ. ಆಗಲೂ ನಗಲಿಲ್ಲ.

ಅವನು ಹೊರಡುವ ಹಿಂದಿನ ರಾತ್ರಿ
ಹೊಸ ಹುಡುಗನೊಬ್ಬ ಫೋನು ಮಾಡಿದ, ದಾರಿ ತಪ್ಪಿದೆ ಅಂತ.
‘ಬೆಂಕಿಯನ್ನು ಬಲಕ್ಕೆ...’ ಎಂದು ಶುರುಮಾಡಿ ನಿಂತೆ.
ಗೇಟಿನ ಎಲೆ ಕಾಣುತ್ತದಾ?
ಕಾಣುವುದಿಲ್ಲ ಅಣ್ಣಾ, ಕತ್ತಲು.
ಹೌದು, ಹನ್ನೊಂದಕ್ಕೆ ಅದರ ದೀಪ ಆರಿಸುತ್ತಾರೆ, ಉಳಿತಾಯ.
‘ಅಲ್ಲೇ ನಿಲ್ಲು’ ಅಂದ ಇದ್ದಿನಬ್ಬ, ನನ್ನ ಫೋನು ಕಸಿದು,
ಟಾರ್ಚು ಹುಡುಕಿ, ಚಪ್ಪಲಿ ಮೆಟ್ಟಿ
ಮೆಟ್ಟಿಲಿಳಿದ.